ರಿಫೈನರಿ ಕ್ಯಾಟಲಿಸ್ಟ್ ಆರಿಸುವಾಗ: ಕಿಲೋ ರೇಟು ಮರೆತು ನೋಡಬೇಕಾದದ್ದು

"ಯಾವ ಕಂಪನಿಯದು ಒಳ್ಳೇದು ಸರ್?"

ಟೆಕ್ನಿಕಲ್ ಸರ್ವಿಸಸ್ ವಿಭಾಗಕ್ಕೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ಪಠ್ಯಪುಸ್ತಕದಲ್ಲಿ ಓದಿದ ವೇಗವರ್ಧಕವನ್ನು, ಅಂದರೆ ಕ್ಯಾಟಲಿಸ್ಟನ್ನು, ಪಂಪ್‌ಸೆಟ್ ಕೊಂಡ ಹಾಗೆ ಕೊಳ್ಳಬಹುದು, ಎರಡು ಬ್ರ್ಯಾಂಡ್ ಪಕ್ಕಪಕ್ಕ ಇಟ್ಟು ರೇಟು ನೋಡಿದರೆ ಮುಗಿಯಿತು ಅಂದುಕೊಂಡಿರುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಡ್ರಾಯರ್‌ನಿಂದ ಮೂರು ಸ್ಯಾಂಪಲ್ ಬಾಟಲಿ ತೆಗೆದು ಮುಂದಿಡುತ್ತೇನೆ.

ಒಂದರಲ್ಲಿ ಬಿಳಿಚಿಕೊಂಡ ಪುಡಿ. ಓರೆ ಮಾಡಿದರೆ ಮೈದಾದ ಹಾಗೆ ಗೋಡೆಗೆ ಕಚ್ಚಿಕೊಳ್ಳುವುದಿಲ್ಲ, ನೀರಿನ ಹಾಗೆ ಹರಿಯುತ್ತದೆ. ಕಣದ ಗಾತ್ರ ಸರಾಸರಿ 70–80 ಮೈಕ್ರಾನ್. ಇದು ಭಾರದ ಎಣ್ಣೆಯನ್ನು ಒಡೆಯುವ ಎಫ್‌ಸಿಸಿ (ಫ್ಲೂಯಿಡ್ ಕ್ಯಾಟಲಿಟಿಕ್ ಕ್ರ್ಯಾಕಿಂಗ್) ಘಟಕದ ಕ್ಯಾಟಲಿಸ್ಟ್. ಎರಡನೆಯದರಲ್ಲಿ ಮುರಿದ ಶಾವಿಗೆಯಂಥ ನೀಲಿ ತುಂಡುಗಳು. ಕಡ್ಡಿಯ ತುದಿಯನ್ನು ಹತ್ತಿರದಿಂದ ನೋಡಿದರೆ ಮೂರೆಸಳಿನ ಆಕಾರ. ಡೀಸೆಲ್‌ನಿಂದ ಗಂಧಕ ತೆಗೆಯುವ ಕೋಬಾಲ್ಟ್-ಮಾಲಿಬ್ಡಿನಂ ಇದು. ಮೂರನೆಯದರಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಗಿನ ಗುಂಡುಗಳು, ಪೆಟ್ರೋಲಿನ ಆಕ್ಟೇನ್ ಏರಿಸುವ ರಿಫಾರ್ಮಿಂಗ್ ಕ್ಯಾಟಲಿಸ್ಟ್. ಅದರೊಳಗೆ ಪ್ಲಾಟಿನಂ ಇದೆ ಎಂದರೆ ಹುಡುಗರು ಬಾಟಲಿಯನ್ನು ತಕ್ಷಣ ಮೆಲ್ಲಗೆ ಮೇಜಿನ ಮೇಲಿಡುತ್ತಾರೆ.

ಮಂಗಳೂರಿನ ಎಂಆರ್‌ಪಿಎಲ್‌ನಂಥ ದೊಡ್ಡ ರಿಫೈನರಿಯಲ್ಲಿ ಈ ಮೂರೂ ಬಗೆಗೆ ಕೆಲಸವಿದೆ. ವರ್ಷಕ್ಕೆ 15 ಮಿಲಿಯನ್ ಟನ್ ಕಚ್ಚಾತೈಲದ ಸಾಮರ್ಥ್ಯ, ಹೈಡ್ರೋಜನ್ ಸೇರಿಸಿ ಭಾರದ ಎಣ್ಣೆ ಒಡೆಯುವ ಎರಡು ಹೈಡ್ರೋಕ್ರ್ಯಾಕರ್, ರಿಫಾರ್ಮಿಂಗ್ ಮಾಡುವ ಎರಡು ಸಿಸಿಆರ್, ಒಂದು ಪೆಟ್ರೋಕೆಮಿಕಲ್ ಎಫ್‌ಸಿಸಿ, ತಳದ ಎಣ್ಣೆಯನ್ನು ಕಾಯಿಸಿ ಕೋಕ್ ಮಾಡುವ ಒಂದು ಕೋಕರ್, ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪುಡಿ ಎಂದರೆ ಹೋಟೆಲಿಗೆ ದಿನಾ ಬೇಕಾಗುವ ದಿನಸಿ. ಶಾವಿಗೆ ಎಂದರೆ ಮನೆಗೆ ಹೊದಿಸುವ ಹಂಚು. ಒಮ್ಮೆ ಹೊದಿಸಿದರೆ ಎರಡು ಮೂರು ಮಳೆಗಾಲ ಮಾಡಿನ ಮೇಲೆ ಹತ್ತುವ ಹಾಗಿಲ್ಲ. ಸಾಸಿವೆ ಗುಂಡು ಒಡವೆ. ದಿನಸಿ, ಹಂಚು, ಒಡವೆ ಮೂರನ್ನೂ ಒಂದೇ ಟೆಂಡರ್ ನಮೂನೆಯಲ್ಲಿ ಕೊಳ್ಳಲು ಹೋಗಿ ಕೈಸುಟ್ಟುಕೊಂಡವರನ್ನು ಕಂಡಿದ್ದೇನೆ. ಅದರಲ್ಲಿ ನಾನೂ ಒಬ್ಬ.

ಮಾರುವವರು ಯಾರು

ಎಷ್ಟು ಕಂಪನಿಗಳ ಹೆಸರು ಕೇಳಿಬಂದರೂ ಕಣದಲ್ಲಿರುವವರು ಕೈಬೆರಳೆಣಿಕೆಯಷ್ಟು. ಎಫ್‌ಸಿಸಿಯಲ್ಲಿ ಗ್ರೇಸ್, ಬಿಎಎಸ್‌ಎಫ್, ಕೆಟ್ಜೆನ್ ಮುಂಚೂಣಿಯಲ್ಲಿವೆ, ಚೀನಾದೊಳಗೆ ಸೈನೋಪೆಕ್. ಹೈಡ್ರೋಟ್ರೀಟಿಂಗ್‌ನಲ್ಲಿ, ಅಂದರೆ ಹೈಡ್ರೋಜನ್ ಬಳಸಿ ಗಂಧಕ ತೆಗೆಯುವ ಕೆಲಸದಲ್ಲಿ, ಡೆನ್ಮಾರ್ಕಿನ ಟಾಪ್ಸೋ, ಶೆಲ್, ಫ್ರಾನ್ಸಿನ ಆಕ್ಸೆನ್ಸ್, ಗ್ರೇಸ್ ಮತ್ತು ಶೆವ್ರಾನ್ ಸೇರಿ ಕಟ್ಟಿದ ಎಆರ್‌ಟಿ, ಯುಒಪಿ, ಮತ್ತೆ ಕೆಟ್ಜೆನ್. ರಿಫಾರ್ಮಿಂಗ್‌ಗೆ ಬಂದರೆ ಮಾತು ಬಹುಮಟ್ಟಿಗೆ ಯುಒಪಿ ಮತ್ತು ಆಕ್ಸೆನ್ಸ್ ನಡುವೆಯೇ.

ಹಳೆಯ ಫೈಲು ತೆಗೆದಾಗ ಗಲಿಬಿಲಿಯಾಗಬೇಡಿ. ಎಂಗೆಲ್‌ಹಾರ್ಡ್ ಎಂದಿದ್ದರೆ ಅದು 2006ರಲ್ಲಿ ಬಿಎಎಸ್‌ಎಫ್ ಪಾಲಾಯಿತು. ಆಕ್ಜೋ ನೊಬೆಲ್‌ನ ಕ್ಯಾಟಲಿಸ್ಟ್ ವ್ಯವಹಾರವನ್ನು 2004ರಲ್ಲಿ ಆಲ್ಬೆಮಾರ್ಲ್ ಕೊಂಡಿತು. ಇಂದಿನ ಕೆಟ್ಜೆನ್ ಅದೇ ಬಳ್ಳಿಯದು. ಕ್ರೈಟೀರಿಯನ್ ಎಂದಿದ್ದರೆ ಈಗ ಶೆಲ್ ಹೆಸರಿನಲ್ಲಿ ಹುಡುಕಿ. ಹತ್ತು ವರ್ಷದ ಹಿಂದೆ ನಿಮ್ಮದೇ ಯೂನಿಟ್‌ನಲ್ಲಿ ಯಾರ ಮಾಲು ಹೇಗೆ ಓಡಿತ್ತು ಎಂಬ ಲೆಕ್ಕ ಯಾವ ಬ್ರೋಷರ್‌ಗಿಂತಲೂ ಹೆಚ್ಚು ಬೆಲೆಬಾಳುತ್ತದೆ. ಹೆಸರು ಬದಲಾಯಿತೆಂದು ಅದನ್ನು ಕಳೆದುಕೊಳ್ಳಬಾರದು.

ಪುಡಿ: ಎಫ್‌ಸಿಸಿ

1942ರ ಮೇ ತಿಂಗಳಲ್ಲಿ ಅಮೆರಿಕದ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಮೊದಲ ಎಫ್‌ಸಿಸಿ ಶುರುವಾಯಿತು. ಮೂಲ ಆಟ ಇವತ್ತಿಗೂ ಅದೇ. ಭಾರದ ಎಣ್ಣೆಗೆ ಬಿಸಿ ಪುಡಿ ತಗಲುತ್ತದೆ, ರೈಸರ್ ಎಂಬ ಉದ್ದದ ಕೊಳವೆಯಲ್ಲಿ 520–550 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಜೊತೆಗೆ ಓಡುತ್ತವೆ, ಎಣ್ಣೆಯ ಅಣು ಒಡೆಯುತ್ತದೆ, ಪುಡಿಯ ಮೈಗೆ ಕೋಕ್ ಎಂಬ ಇಂಗಾಲದ ಮಸಿ ಮೆತ್ತಿಕೊಳ್ಳುತ್ತದೆ. ಪಕ್ಕದ ರಿಜನರೇಟರ್‌ನಲ್ಲಿ 700 ಡಿಗ್ರಿಯ ಆಸುಪಾಸಿನಲ್ಲಿ ಆ ಕೋಕ್ ಸುಡುತ್ತದೆ, ಬಿಸಿಯಾದ ಪುಡಿ ಮತ್ತೆ ರೈಸರ್‌ಗೆ. ಹೀಗೆ ಸುತ್ತುತ್ತಲೇ ಪುಡಿ ಸವೆಯುತ್ತದೆ, ಸಾಯುತ್ತದೆ. ಅದಕ್ಕೇ ದಿನಾ ಒಂದಿಷ್ಟು ಹಳೆಯದನ್ನು ತೆಗೆದು ಕೆಲವು ಟನ್ ಹೊಸದನ್ನು ಹಾಕುವುದು. ಯೂನಿಟ್‌ನೊಳಗೆ ಸುತ್ತುತ್ತಿರುವ ಈ ಹಳೆ-ಹೊಸದರ ಮಿಶ್ರಣವೇ ಇ-ಕ್ಯಾಟ್.

ಹೋಲಿಕೆಯ ಮೊದಲ ಪ್ರಶ್ನೆ: ನಿಮ್ಮ ಫೀಡ್‌ನಲ್ಲಿ, ಅಂದರೆ ಯೂನಿಟ್‌ಗೆ ಹಾಕುವ ಎಣ್ಣೆಯಲ್ಲಿ, ಲೋಹ ಎಷ್ಟಿದೆ? ನಿಕಲ್ ಮತ್ತು ವನೇಡಿಯಂ ಇಬ್ಬರೂ ಕಳ್ಳರೇ, ಕಸುಬು ಮಾತ್ರ ಬೇರೆ. ನಿಕಲ್ ಎಣ್ಣೆಯಿಂದ ಹೈಡ್ರೋಜನ್ ಕಿತ್ತು ಕೋಕ್ ಹೆಚ್ಚಿಸುತ್ತದೆ, ಬೇಡದ ಗ್ಯಾಸ್ ತುಂಬಿಸುತ್ತದೆ. ಆಂಟಿಮನಿ ಹಾಕಿ ಅದರ ಬಾಯಿ ಕಟ್ಟಬಹುದು. ವನೇಡಿಯಂ ರಿಜನರೇಟರಿನ ಹಬೆಯ ಜೊತೆ ಸೇರಿ ಕ್ಯಾಟಲಿಸ್ಟ್‌ನ ಜೀವವಾದ ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಹರಳಿನ ಹಂದರವನ್ನೇ ಮುರಿಯುತ್ತದೆ. ಜೊತೆಗೆ ಸೋಡಿಯಂ ಇದ್ದರೆ ಕೇಳುವುದೇ ಬೇಡ. ಆದ್ದರಿಂದ ತಳದ ಎಣ್ಣೆ ಹಾಕುವ ಯೂನಿಟ್‌ನವರು ವನೇಡಿಯಂ ಹಿಡಿದಿಡುವ ಟ್ರ್ಯಾಪ್ ಇರುವ, ದೊಡ್ಡ ಅಣುಗಳನ್ನು ಒಡೆಯಬಲ್ಲ ಮ್ಯಾಟ್ರಿಕ್ಸ್ (ಜಿಯೋಲೈಟ್ ಹುದುಗಿರುವ ಆಧಾರದ ಭಾಗ) ಇರುವ ಮಾಲನ್ನು ನೋಡಬೇಕು. ಲೋಹ ಕಡಿಮೆಯಿರುವ ಶುದ್ಧ ವ್ಯಾಕ್ಯೂಮ್ ಗ್ಯಾಸ್ ಆಯಿಲ್ ಓಡಿಸುವವರು ಅದೇ ಮಾಲು ಕೊಂಡರೆ ಬರುವುದು ಹೆಚ್ಚುವರಿ ಕೋಕ್ ಮಾತ್ರ.

ಎರಡನೆಯದು, ನಿಮಗೆ ಬೇಕಾದದ್ದೇನು? ಪೆಟ್ರೋಲ್ ಬೇಕೆಂದರೆ ರೇರ್ ಅರ್ತ್ ಹೆಚ್ಚಿರುವ ಜಿಯೋಲೈಟ್. ಲ್ಯಾಂಥನಂ, ಸೀರಿಯಂ ಸೇರಿದಾಗ ಜಿಯೋಲೈಟ್ ಗಟ್ಟಿಯಾಗುತ್ತದೆ, ಪೆಟ್ರೋಲ್ ಇಳುವರಿ ಏರುತ್ತದೆ. ಆದರೆ ಓಲಿಫಿನ್ ಕಡಿಮೆಯಾಗಿ ಆಕ್ಟೇನ್ ಕೊಂಚ ಕೈಕೊಡುತ್ತದೆ. ಪಾಲಿಪ್ರೊಪಿಲೀನ್ ಘಟಕ ಇಟ್ಟುಕೊಂಡು ಪ್ರೊಪಿಲೀನ್‌ಗಾಗಿ ಕಾದಿರುವವರಿಗೆ ಇದು ತಿರುವುಮುರುವು: ರೇರ್ ಅರ್ತ್ ಕಡಿಮೆ, ಝಡ್‌ಎಸ್‌ಎಂ-5 ಎಂಬ ಇನ್ನೊಂದು ಜಿಯೋಲೈಟ್ ಹೆಚ್ಚು.

ಈ ಝಡ್‌ಎಸ್‌ಎಂ-5 ಅನ್ನು ಮೂಲ ಕ್ಯಾಟಲಿಸ್ಟ್‌ಗೆ ಬೆರೆಸಿಯೂ ಮಾರುತ್ತಾರೆ, ಬೇರೆ ಚೀಲದಲ್ಲೂ ಮಾರುತ್ತಾರೆ. ಬೆರೆಸಿದ್ದು ಅಗ್ಗ, ಕೆಲಸವೂ ಸಲೀಸು. ನಾನು ಮಾತ್ರ ಯಾವತ್ತೂ ಬೇರೆ ಚೀಲದ ಕಡೆಯವನು. ಪ್ರೊಪಿಲೀನ್ ಬೆಲೆ ಬಿದ್ದ ದಿನ, ಅಥವಾ ಯೂನಿಟ್‌ನ ಗ್ಯಾಸನ್ನು ಒತ್ತಿ ಮುಂದಕ್ಕೆ ಕಳಿಸುವ ವೆಟ್ ಗ್ಯಾಸ್ ಕಂಪ್ರೆಸರ್ ಇನ್ನಾಗದು ಎಂದು ಕೂತ ದಿನ, ಚೀಲ ಸುರಿಯುವುದನ್ನು ನಿಲ್ಲಿಸಬಹುದು. ಸಾರಿಗೆ ಉಪ್ಪು ಬೆರೆತ ಮೇಲೆ ತೆಗೆಯಲಾದೀತೇ?

ಕಂಪ್ರೆಸರ್ ಮಾತು ಬಂದದ್ದರಿಂದ ಮೂರನೆಯ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಯೂನಿಟ್ ಎಲ್ಲಿ ಸಿಕ್ಕಿಕೊಂಡಿದೆ? ಕೋಕ್ ಸುಡಲು ಗಾಳಿ ಊದುವ ಏರ್ ಬ್ಲೋವರ್ ಈಗಾಗಲೇ ಪೂರ್ತಿ ಓಡುತ್ತಿದ್ದರೆ ಕೋಕ್ ಹೆಚ್ಚು ಮಾಡುವ ಯಾವ ಮಾಲೂ ಬೇಡ, ಎಷ್ಟೇ ಇಳುವರಿ ತೋರಿಸಲಿ. ಕಂಪ್ರೆಸರ್ ತುಂಬಿದ್ದರೆ ಗ್ಯಾಸ್ ಹೆಚ್ಚು ಮಾಡುವುದು ಬೇಡ. ಸಪ್ಲೈಯರ್‌ನ ಪ್ರೆಸೆಂಟೇಶನ್‌ನಲ್ಲಿ ಈ ಮಿತಿಗಳಿರುವುದಿಲ್ಲ. ಅಲ್ಲಿ ಕಂಪ್ರೆಸರ್ ಯಾವಾಗಲೂ ದೇವರಂಥದ್ದು.

ಬೆಲೆಯ ವಿಚಾರದಲ್ಲಿ 2010–11 ಅನ್ನು ಮರೆಯುವ ಹಾಗಿಲ್ಲ. ಚೀನಾ ರೇರ್ ಅರ್ತ್ ರಫ್ತಿನ ಕೋಟಾ ಬಿಗಿ ಮಾಡಿತು. ಕಿಲೋಗೆ 10 ಡಾಲರ್‌ಗಿಂತ ಕೆಳಗಿದ್ದ ಲ್ಯಾಂಥನಂ ಆಕ್ಸೈಡ್ 2011ರಲ್ಲಿ 100 ಡಾಲರ್ ದಾಟಿತು. ಕ್ಯಾಟಲಿಸ್ಟ್ ಬಿಲ್ಲಿನ ಮೇಲೆ ಸರ್‌ಚಾರ್ಜ್ ಬಂದು ಕೂತಿತು. ಎಲ್ಲ ಕಂಪನಿಗಳೂ ಅವಸರದಲ್ಲಿ ರೇರ್ ಅರ್ತ್ ಕಡಿಮೆಯಿರುವ ಮಾಲು ತಂದವು. ಒಪ್ಪಂದದಲ್ಲಿ ಮೂಲಬೆಲೆ ಬೇರೆ, ಲೋಹದ ಬೆಲೆ ಬೇರೆ ಎಂದು ಬರೆಸಿಕೊಂಡವರಿಗೆ ಬೆಲೆ ಇಳಿದಾಗ ಆ ಲಾಭ ಸಿಕ್ಕಿತು. ಒಟ್ಟು ರೇಟು ಎಂದು ಬರೆಸಿದವರಿಗೆ ಏರಿದ್ದು ಏರಿಯೇ ಇತ್ತು.

ಇನ್ನು ಟ್ರಯಲ್. "ಒಂದು ತಿಂಗಳು ಓಡಿಸಿ ನೋಡೋಣ" ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಯೂನಿಟ್‌ನೊಳಗೆ 300 ಟನ್ ಪುಡಿ ಇದೆ, ದಿನಕ್ಕೆ 4 ಟನ್ ಹೊಸದು ಹಾಕುತ್ತೀರಿ ಎನ್ನಿ. 75 ದಿನಕ್ಕೆ ಪೂರ್ತಿ ಬದಲಾಯಿತಲ್ಲ ಎನ್ನುತ್ತೀರಿ. ಇಲ್ಲ, ಹೊರತೆಗೆಯುವ ಪುಡಿಯಲ್ಲಿ ನಿನ್ನೆ ಹಾಕಿದ ಹೊಸದೂ ಸೇರಿರುತ್ತದೆ. ಅರ್ಧ ಬದಲಾಗಲು ಸುಮಾರು 52 ದಿನ, ಮುಕ್ಕಾಲು ಭಾಗಕ್ಕೆ 104 ದಿನ. ಅಷ್ಟರಲ್ಲಿ ಕ್ರೂಡ್ ನಾಲ್ಕು ಸಲ ಬದಲಾಗಿರುತ್ತದೆ. ಹಾಗಾಗಿ ಬರಿಯ ಇಳುವರಿ ನೋಡಿ ಟ್ರಯಲ್ ಗೆದ್ದಿತು, ಸೋತಿತು ಎನ್ನುವುದು ಅವಸರದ ಮಾತು. ವಾರವಾರ ಇ-ಕ್ಯಾಟ್ ಸ್ಯಾಂಪಲ್ ಕಳಿಸಿ. ಬಹುತೇಕ ಸಪ್ಲೈಯರ್‌ಗಳು ಅದನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಾರೆ. ಒಂದೇ ಸ್ಯಾಂಪಲ್ಲನ್ನು ಎರಡು ಕಡೆ ಕಳಿಸಿ ನೋಡುವುದರಲ್ಲೂ ತಪ್ಪೇನಿಲ್ಲ.

ಪುಡಿಯ ಗಟ್ಟಿತನ, ಅಂದರೆ ಅಟ್ರಿಶನ್, ಕೊನೆಗೆ ನೋಡುವ ಸಾಲು ಎಂದುಕೊಳ್ಳಬೇಡಿ. ಮೆತ್ತಗಿನ ಪುಡಿ ನುಣ್ಣಗಾಗಿ, ಗ್ಯಾಸಿನಿಂದ ಪುಡಿ ಬೇರ್ಪಡಿಸುವ ಸೈಕ್ಲೋನ್ ತಪ್ಪಿಸಿಕೊಂಡು ಚಿಮಣಿಗೋ, ತಳದ ಸ್ಲರಿ ಎಣ್ಣೆಗೋ ಹೋಗುತ್ತದೆ. ಸ್ಲರಿ ಪಂಪಿನ ಇಂಪೆಲ್ಲರ್ ಬಿಚ್ಚಿದಾಗ ಅಂಚು ಇಲಿ ಕಡಿದಂತೆ ಕಂಡರೆ ಕಿಲೋಗೆ ಉಳಿಸಿದ ಹಣ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ.

ಶಾವಿಗೆ: ಹೈಡ್ರೋಟ್ರೀಟಿಂಗ್

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6. ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಬೇಕಾಯಿತು. ಕೇಳುವುದಕ್ಕೆ ಬರೀ 40ರ ವ್ಯತ್ಯಾಸ. ಆದರೆ ಕೊನೆಗೆ ಉಳಿಯುವ ಗಂಧಕವೇ ಹಠಮಾರಿ. ಡೈಬೆಂಜೋಥಯೋಫೀನ್ ಜಾತಿಯ ಕೆಲವು ಅಣುಗಳಲ್ಲಿ ಗಂಧಕದ ಎರಡೂ ಪಕ್ಕ ಮೀಥೈಲ್ ಗುಂಪುಗಳು ಬಾಗಿಲಿಗೆ ಅಡ್ಡ ನಿಂತ ಹಾಗೆ ನಿಂತಿರುತ್ತವೆ. ಕ್ಯಾಟಲಿಸ್ಟ್‌ಗೆ ಕೈ ಹಾಕಲು ಜಾಗವಿಲ್ಲ. ಮೊದಲು ಉಂಗುರಕ್ಕೆ ಹೈಡ್ರೋಜನ್ ತುಂಬಿ ಅಣುವನ್ನು ಡೊಂಕಾಗಿಸಬೇಕು, ಆಮೇಲೆ ಗಂಧಕ ಸಿಗುತ್ತದೆ.

ನೀಲಿಯೋ ಹಸಿರೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ನೀಲಿ ಬಣ್ಣದ್ದು ಕೋಬಾಲ್ಟ್-ಮಾಲಿಬ್ಡಿನಂ. ಗಂಧಕವನ್ನು ನೇರವಾಗಿ ಕೀಳುತ್ತದೆ, ಹೈಡ್ರೋಜನ್ ಕಡಿಮೆ ತಿನ್ನುತ್ತದೆ, ಕಡಿಮೆ ಒತ್ತಡದ ಹಳೆಯ ಯೂನಿಟ್‌ಗೆ ಹೇಳಿ ಮಾಡಿಸಿದ್ದು. ಹಳದಿ ಬೆರೆತ ಹಸಿರಿನದು ನಿಕಲ್-ಮಾಲಿಬ್ಡಿನಂ. ಮೊದಲು ಹೈಡ್ರೋಜನ್ ತುಂಬುವ ದಾರಿಯಲ್ಲಿ ಜಾಣ, ಸಾರಜನಕವನ್ನೂ ತೆಗೆಯುತ್ತದೆ, ಸೀಟೇನ್ (ಡೀಸೆಲ್ ಹೊತ್ತಿಕೊಳ್ಳುವ ಗುಣ) ಏರಿಸುತ್ತದೆ, ಸಾಂದ್ರತೆ ಇಳಿಸುತ್ತದೆ. ಆದರೆ ಅದಕ್ಕೆ ಒತ್ತಡವೂ ಬೇಕು, ಹೈಡ್ರೋಜನ್ನೂ ಬೇಕು. 30–40 ಬಾರ್‌ನ ಯೂನಿಟ್‌ಗೆ ಪೂರ್ತಿ ಹಸಿರು ತುಂಬಿಸುವುದು ಸೈಕಲ್ಲಿಗೆ ಟ್ರ್ಯಾಕ್ಟರ್ ಟೈರ್ ಹಾಕಿದಂತೆ. ಒತ್ತಡ ಚೆನ್ನಾಗಿದ್ದು, ಹೈಡ್ರೋಜನ್ ಘಟಕದಲ್ಲಿ ಮಿಗತೆ ಇದ್ದರೆ ಹಸಿರು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ; ಸಾಂದ್ರತೆ ಇಳಿದಷ್ಟೂ ಲೀಟರ್ ಹೆಚ್ಚು, ಡೀಸೆಲ್ ಮಾರುವುದು ಲೀಟರಿನಲ್ಲಿ ತಾನೇ. ಮಧ್ಯದವರಿಗೆ ಒಂದರ ಮೇಲೊಂದು ಪದರ ಹಾಕುವ ದಾರಿಯೂ ಇದೆ.

ಒಳಗೆ ಹೋದ ಮೇಲೆ ಎರಡರ ಬಣ್ಣವೂ ಒಂದೇ. ಡೈಮೀಥೈಲ್ ಡೈಸಲ್ಫೈಡ್ ಎಂಬ ನಾರುವ ದ್ರವ ಬಿಟ್ಟು ಸಲ್ಫೈಡಿಂಗ್ ಮಾಡಿದ ಮೇಲೆ, ಅಂದರೆ ಲೋಹಕ್ಕೆ ಗಂಧಕ ಕೂಡಿಸಿ ಚುರುಕಾಗಿಸಿದ ಮೇಲೆ, ಎಲ್ಲವೂ ಕಪ್ಪು. ಆ ದ್ರವದ ಒಂದು ಹನಿ ಅಂಗಿಗೆ ಬಿದ್ದರೆ ಮನೆಯಲ್ಲಿ ಊಟ ಹೊರಗಿನ ಜಗಲಿಯಲ್ಲೇ.

ಬೆಲೆ ಹೋಲಿಸುವಾಗ ಒಂದು ಬಲೆ ಇದೆ. ಮಾರುವುದು ಕಿಲೋ ಲೆಕ್ಕದಲ್ಲಿ, ರಿಯಾಕ್ಟರ್ ತುಂಬುವುದು ಘನಮೀಟರ್ ಲೆಕ್ಕದಲ್ಲಿ. 100 ಘನಮೀಟರ್‌ನ ರಿಯಾಕ್ಟರ್‌ಗೆ 0.70 ಸಾಂದ್ರತೆಯ ಮಾಲು 70 ಟನ್ ಸಾಕು, 0.85ರದ್ದು 85 ಟನ್ ಬೇಕು. ಕಿಲೋ ರೇಟು ಒಂದೇ ಇದ್ದರೂ ಎರಡನೆಯದಕ್ಕೆ ಶೇ. 21 ಹೆಚ್ಚು ಹಣ. ಅದೂ ಸಡಿಲವಾಗಿ ಸುರಿಯುವ ಸಾಕ್ ಲೋಡಿಂಗೋ, ಒತ್ತಾಗಿ ಕೂರಿಸುವ ಡೆನ್ಸ್ ಲೋಡಿಂಗೋ ಎಂಬುದರ ಮೇಲೆ ಮತ್ತೆ ಬದಲಾಗುತ್ತದೆ. ಆದ್ದರಿಂದ ಕೊಟೇಶನ್ ಬಂದ ಕೂಡಲೇ ಕಿಲೋ ರೇಟನ್ನು ಹೊಡೆದುಹಾಕಿ, "ಒಂದು ರಿಯಾಕ್ಟರ್ ತುಂಬಲು ಎಷ್ಟು" ಎಂದು ಬರೆದುಕೊಳ್ಳಿ.

ಅದರ ಪಕ್ಕದಲ್ಲೇ ಆಯಸ್ಸು. ಕ್ಯಾಟಲಿಸ್ಟ್ ಬಳಲಿದಂತೆಲ್ಲ ಅದೇ 10 ಪಿಪಿಎಂ ಪಡೆಯಲು ರಿಯಾಕ್ಟರ್ ಬಿಸಿ ಏರಿಸುತ್ತಾ ಹೋಗಬೇಕು. ಆರಂಭ 340 ಡಿಗ್ರಿ, ಮಿತಿ 385, ತಿಂಗಳಿಗೆ ಒಂದೂವರೆ ಡಿಗ್ರಿ ಏರಿಕೆ ಎನ್ನಿ: 30 ತಿಂಗಳು. ಇನ್ನೊಬ್ಬನ ಮಾಲು 334ರಲ್ಲೇ ಶುರುವಾದರೆ 34 ತಿಂಗಳು. ಆ 6 ಡಿಗ್ರಿಯೇ ನೀವು ಹೆಚ್ಚು ಕೊಡುವ ಹಣ. ಅದು ಲಾಭವೋ ಅಲ್ಲವೋ ಎನ್ನುವುದು ನಿಮ್ಮ ಶಟ್‌ಡೌನ್ ಕ್ಯಾಲೆಂಡರ್‌ಗೆ ಬಿಟ್ಟದ್ದು. 30ನೇ ತಿಂಗಳಲ್ಲಿ ಇಡೀ ಬ್ಲಾಕ್ ಹೇಗೂ ನಿಲ್ಲುವುದಿದ್ದರೆ ಮಿಕ್ಕ ನಾಲ್ಕು ತಿಂಗಳನ್ನು ಯಾರಿಗೆ ಮಾರುತ್ತೀರಿ?

ನನ್ನ ಕೈಸುಟ್ಟ ಕಥೆ ಇಲ್ಲಿಯದೇ. ಯಾವ ರಿಫೈನರಿ, ಯಾರ ಮಾಲು ಎಂದು ಹೇಳುವುದು ಬೇಡ. ಮುಖ್ಯ ಕ್ಯಾಟಲಿಸ್ಟ್ ಯಾವುದು ಎಂದು ಎರಡು ತಿಂಗಳು ಜಗಳಾಡಿ, ಕಸ, ವಿಷ ತಡೆಯಲು ಹಾಕುವ ಮೇಲ್ಪದರದ ಗ್ರೇಡಿಂಗ್ ಮತ್ತು ಗಾರ್ಡ್ ಬೆಡ್‌ನಲ್ಲಿ ಉಳಿತಾಯ ಮಾಡಿದೆವು. ಹೋಲಿಕೆ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. 14ನೇ ತಿಂಗಳಿಗೆ ರಿಯಾಕ್ಟರಿನ ಒತ್ತಡದ ಇಳಿತ, ಅಂದರೆ ಮೇಲಿಗೂ ಕೆಳಗಿಗೂ ಇರುವ ಒತ್ತಡದ ಅಂತರ, ಏರತೊಡಗಿತು. ಕ್ಯಾಟಲಿಸ್ಟ್‌ಗೆ ಇನ್ನೂ ಅರ್ಧ ಆಯಸ್ಸು ಬಾಕಿ, ಆದರೆ ಎಣ್ಣೆ ಒಳಗೆ ಇಳಿಯುತ್ತಿಲ್ಲ. ನಿಲ್ಲಿಸಿ, ನೈಟ್ರೋಜನ್ ತುಂಬಿ, ಉಸಿರಾಟದ ಹೆಲ್ಮೆಟ್ ಹಾಕಿದವರನ್ನು ಒಳಗಿಳಿಸಿದೆವು. ಮೇಲ್ಪದರ ಸೀದ ಅನ್ನದ ತಳದಂತೆ ಹೆಪ್ಪುಗಟ್ಟಿ ಕೂತಿತ್ತು. ತುಕ್ಕು, ಕೋಕ್ ಪುಡಿ ಎಲ್ಲ ಸೇರಿ. ಒಡೆದು, ವ್ಯಾಕ್ಯೂಮ್ ಪೈಪಿನಲ್ಲಿ ಹೀರಿ ತೆಗೆಯಲು ಹಿಡಿದ ದಿನಗಳಲ್ಲಿ ನಾವು ಉಳಿಸಿದ್ದರ ಎಷ್ಟೋ ಪಟ್ಟು ಹೋಯಿತು. ಅಂದಿನಿಂದ ನಾನು ಯಾವ ಕೊಟೇಶನ್ ಓದಿದರೂ ಮೇಲಿನಿಂದ ಕೆಳಗೆ ಓದುತ್ತೇನೆ, ರಿಯಾಕ್ಟರಿನೊಳಗೆ ಎಣ್ಣೆ ಇಳಿಯುವ ಕ್ರಮದಲ್ಲಿ.

ಕೋಕರ್ ಇರುವವರಿಗೆ ಇನ್ನೊಂದು ಮಾತು. ಕೋಕ್ ಡ್ರಮ್‌ನಲ್ಲಿ ನೊರೆ ಉಕ್ಕದಿರಲೆಂದು ಹಾಕುವ ಸಿಲಿಕೋನ್ ಎಣ್ಣೆ ಒಡೆದು ಹಗುರ ಎಣ್ಣೆಯಾದ ನಾಫ್ತಾ ಜೊತೆ ಬರುತ್ತದೆ. ಅದರ ಸಿಲಿಕಾನ್ ಕ್ಯಾಟಲಿಸ್ಟ್ ಮೇಲೆ ಕೂತರೆ ಸುಟ್ಟರೂ ಹೋಗದು. ಇಂಥ ಫೀಡ್‌ಗೆ "ಎಷ್ಟು ಚುರುಕು" ಎಂದು ಕೇಳುವ ಮೊದಲು "ತೂಕದ ಶೇಕಡಾ ಎಷ್ಟು ಸಿಲಿಕಾನ್ ಹಿಡಿಯುತ್ತದೆ" ಎಂದು ಕೇಳಿ.

ಹೈಡ್ರೋಕ್ರ್ಯಾಕರ್‌ನದು ಇದರದೇ ಅಣ್ಣತಮ್ಮ. ಜಿಯೋಲೈಟ್ ಹೆಚ್ಚಿದ್ದರೆ ಕಡಿಮೆ ಬಿಸಿಗೇ ಕೆಲಸ, ಆದರೆ ನಾಫ್ತಾ ಕಡೆ ವಾಲುತ್ತದೆ. ಅಮಾರ್ಫಸ್ ಸಿಲಿಕಾ-ಅಲ್ಯುಮಿನಾ ಹೆಚ್ಚಿದ್ದರೆ ಡೀಸೆಲ್ ಕಡೆ. ನಮ್ಮ ದೇಶದಲ್ಲಿ ಓಡುವುದು ಡೀಸೆಲ್, ಹಾಗಾಗಿ ಇಲ್ಲಿ ಎರಡನೆಯದಕ್ಕೇ ನನ್ನ ಓಟು.

ಸಾಸಿವೆ ಗುಂಡು: ರಿಫಾರ್ಮಿಂಗ್

1949ರಲ್ಲಿ ಯುಒಪಿಯ ವ್ಲಾಡಿಮಿರ್ ಹೆನ್ಸೆಲ್ ಅವರ ಪ್ಲಾಟ್‌ಫಾರ್ಮಿಂಗ್ ಬಂದಾಗ, ಪೆಟ್ರೋಲ್ ಮಾಡಲು ಪ್ಲಾಟಿನಂ ಬಳಸುವುದೇ ಎಂದು ಜನ ಹುಬ್ಬೇರಿಸಿದ್ದರಂತೆ. ಅವರ ಜಾಣತನ ಇದ್ದದ್ದು ಅದನ್ನು ಎಷ್ಟು ಕಡಿಮೆ ಹಾಕಬಹುದು ಎಂಬುದರಲ್ಲಿ. ಈಗಲೂ ಶೇ. 0.25–0.3ರ ಆಸುಪಾಸಷ್ಟೇ. ಆದರೆ 100 ಟನ್ ಕ್ಯಾಟಲಿಸ್ಟ್‌ಗೆ ಶೇ. 0.3 ಎಂದರೆ 300 ಕಿಲೋ ಪ್ಲಾಟಿನಂ.

ಇಲ್ಲಿ ಆಯ್ಕೆಯ ಕವಲು ನಿಮ್ಮ ಯೂನಿಟ್ ಕಟ್ಟಿದ ದಿನವೇ ಆಗಿಹೋಗಿದೆ. ಆಗಾಗ ನಿಲ್ಲಿಸಿ ರಿಜನರೇಟ್ ಮಾಡುವ ಹಳೆಯ ಬಗೆಗೆ ಪ್ಲಾಟಿನಂ-ರೀನಿಯಂ. ಗುಂಡುಗಳು ಸದಾ ಸುತ್ತುತ್ತಾ ರಿಜನರೇಟ್ ಆಗುವ ಸಿಸಿಆರ್‌ಗೆ ಪ್ಲಾಟಿನಂ-ತವರ. ಉಳಿದದ್ದು ಗುಂಡಿನ ಗಟ್ಟಿತನ, ಕ್ಲೋರೈಡ್ ಹಿಡಿದಿಡುವ ಗುಣ, ಕೋಕ್ ಎಷ್ಟು ಮಾಡುತ್ತದೆ ಎಂಬುದು.

ವ್ಯವಹಾರ ಮಾತ್ರ ಥೇಟು ಅಕ್ಕಸಾಲಿಯ ಅಂಗಡಿಯದು. ಪ್ಲಾಟಿನಂ ನಿಮ್ಮದು ಅಥವಾ ಬಾಡಿಗೆಗೆ ತಂದದ್ದು. ಕಂಪನಿಗೆ ಕೊಡುವುದು ಮಜೂರಿ. ಹಳೆಯ ಗುಂಡುಗಳನ್ನು ಕರಗಿಸಿ ಲೋಹ ತೆಗೆದು ಲೆಕ್ಕ ಕೊಡುತ್ತಾರೆ. ಒರೆಗಲ್ಲಿನ ಜಾಗದಲ್ಲಿ ಅಸ್ಸೇ, ಅಂದರೆ ಲೋಹ ಎಷ್ಟಿದೆ ಎಂಬ ಲ್ಯಾಬ್ ಪರೀಕ್ಷೆ. 100 ಟನ್ ಮಾಲಿನಲ್ಲಿ ಅಸ್ಸೇ ಶೇ. 0.01 ಅತ್ತಿತ್ತ ಆದರೆ 10 ಕಿಲೋ ಪ್ಲಾಟಿನಂ ಅತ್ತಿತ್ತ ಆಯಿತು. ಗುಂಡು ಗಾಳಿಯ ತೇವ ಹೀರುತ್ತದೆ, ಕರಾವಳಿಯಲ್ಲಿ ಕೇಳಬೇಕೇ. ಆದ್ದರಿಂದ ತೂಕ ಒಣ ಲೆಕ್ಕದಲ್ಲೇ ಆಗಬೇಕು, ಸ್ಯಾಂಪಲ್ ತೆಗೆಯುವಾಗ ನಿಮ್ಮವರೊಬ್ಬರು ನಿಂತಿರಬೇಕು, ಜಗಳವಾದರೆ ಮೂರನೆಯ ಲ್ಯಾಬ್ ಯಾವುದೆಂದು ಮೊದಲೇ ಬರೆದಿರಬೇಕು. ಎರಡು ಕಂಪನಿಗಳ ಕ್ಯಾಟಲಿಸ್ಟ್ ನಡುವಿನ ಇಳುವರಿ ವ್ಯತ್ಯಾಸಕ್ಕಿಂತ ಈ ಕಾಗದದ ವ್ಯತ್ಯಾಸ ದೊಡ್ಡದಾಗುವುದುಂಟು.

ಟೆಂಡರ್ ಮೇಜಿನಲ್ಲಿ

ಪೈಲಟ್ ಟೆಸ್ಟ್ ವರದಿ ಬಂದಾಗ ಮೊದಲು ನೋಡಬೇಕಾದ್ದು ಯಾರ ಫೀಡ್ ಎಂದು. ನಿಮ್ಮದೇ ಫೀಡ್, ನಿಮ್ಮದೇ ಒತ್ತಡ, ಎಲ್ಲರ ಮಾಲೂ ಒಂದೇ ಲ್ಯಾಬಿನಲ್ಲಿ ಅಕ್ಕಪಕ್ಕ ಓಡಿದ್ದರೆ ಮಾತ್ರ ಹೋಲಿಕೆ. ಹೆಣ್ಣಿನ ಮನೆಯವರೇ ಬರೆದ ಜಾತಕವನ್ನು ಗಂಡಿನ ಮನೆಯವರು ಇನ್ನೊಮ್ಮೆ ನೋಡಿಸುವುದಿಲ್ಲವೇ.

ದೇಶೀ ಮಾಲಿನ ಬಗ್ಗೆ ಎರಡು ತುದಿಯ ಅಭಿಪ್ರಾಯ ಕೇಳುತ್ತೇನೆ, ಬೇಡವೇ ಬೇಡ ಎನ್ನುವವರದು ಒಂದು, ಎಲ್ಲಕ್ಕೂ ಅದೇ ಸಾಕು ಎನ್ನುವವರದು ಇನ್ನೊಂದು; ಎರಡೂ ಸರಿಯಲ್ಲ. ಫರಿದಾಬಾದಿನ ಇಂಡಿಯನ್ ಆಯಿಲ್ ಆರ್‌ಅಂಡ್‌ಡಿ ಕೇಂದ್ರ ಎಫ್‌ಸಿಸಿ ಬಗೆಯ ಇಂಡ್‌ಮ್ಯಾಕ್ಸ್ ತಂತ್ರಜ್ಞಾನವನ್ನೂ ಇಂಡಿಕ್ಯಾಟ್ ಹೆಸರಿನ ಡೀಸೆಲ್ ಹೈಡ್ರೋಟ್ರೀಟಿಂಗ್ ಕ್ಯಾಟಲಿಸ್ಟ್‌ಗಳನ್ನೂ ರೂಪಿಸಿದೆ. ನಮ್ಮ ಹೊಸಕೋಟೆ ಕಡೆಯ ದೇವನಗುಂದಿಯಲ್ಲಿ ಎಚ್‌ಪಿಸಿಎಲ್‌ನ ಗ್ರೀನ್ ಆರ್‌ಅಂಡ್‌ಡಿ ಕೇಂದ್ರವಿದೆ. ಹತ್ತಿರದ ಲ್ಯಾಬಿನ ದೊಡ್ಡ ಅನುಕೂಲ ಬೆಲೆಯಲ್ಲ. ತೊಂದರೆಯಾದ ದಿನ ಸ್ಯಾಂಪಲ್ ಕಾರಿನಲ್ಲಿ ಹೋಗುತ್ತದೆ, ವಿಮಾನದ ಅನುಮತಿಗೆ ಕಾಯಬೇಕಿಲ್ಲ. ಆದರೆ ಅನುಭವದ ವರ್ಷಗಳನ್ನು ನೋಡದೆ ಅತಿ ಕಠಿಣ ಯೂನಿಟ್‌ಗೆ ನೇರ ತುಂಬಿಸುವ ಧೈರ್ಯ ನನಗಿಲ್ಲ. ಸುಲಭದ ಫೀಡ್ ಇರುವ ಸೀಮೆಎಣ್ಣೆ ಅಥವಾ ನಾಫ್ತಾ ಯೂನಿಟ್‌ನಿಂದ ಶುರುಮಾಡಿ.

ಗ್ಯಾರಂಟಿ ಸಾಲನ್ನು ಓದುವಾಗ ದಂಡ ಯಾವಾಗ ಬೀಳುತ್ತದೆ ಎಂದು ನೋಡಿ. ಫೀಡ್‌ನ ಸಾರಜನಕವೋ ಲೋಹವೋ ಒಂದು ದಿನ ಮಿತಿ ದಾಟಿದರೂ ಗ್ಯಾರಂಟಿ ರದ್ದು ಎಂದಿದ್ದರೆ ಅಂಥ ಗ್ಯಾರಂಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು, ಅಷ್ಟೇ.

ಹಳೆಯ ಮಾಲಿನ ಲೆಕ್ಕವನ್ನು ಕೊಳ್ಳುವ ದಿನವೇ ಹಾಕಿ. 2016ರ ನಿಯಮಗಳ ಪ್ರಕಾರ ಬಳಸಿ ಬಿಟ್ಟ ಕ್ಯಾಟಲಿಸ್ಟ್ ಅಪಾಯಕಾರಿ ತ್ಯಾಜ್ಯ; ಅಧಿಕೃತ ಮರುಬಳಕೆದಾರರಿಗೋ ಅಧಿಕೃತ ವಿಲೇವಾರಿ ಕೇಂದ್ರಕ್ಕೋ ಅಷ್ಟೇ ಕೊಡಬೇಕು. ಆದರೆ ಅದರಲ್ಲಿ ಮಾಲಿಬ್ಡಿನಂ, ಕೋಬಾಲ್ಟ್, ನಿಕಲ್ ಇದೆ. 2023ರ ಆರಂಭದಲ್ಲಿ ಮಾಲಿಬ್ಡಿನಂ ಬೆಲೆ ಜಿಗಿದಾಗ ಗುಜರಿಯೇ ಗಂಟಾಯಿತು. ಕೋಕ್ ಮಾತ್ರ ಮೆತ್ತಿಕೊಂಡಿರುವ ಮಾಲನ್ನು ಹೊರಗಡೆ ಸುಟ್ಟು ರಿಜನರೇಟ್ ಮಾಡಿಸಿ ಸುಲಭದ ಯೂನಿಟ್‌ನಲ್ಲಿ ಇನ್ನೊಂದು ಬಾಳು ಕೊಡಬಹುದು. ಸಿಲಿಕಾನ್, ಆರ್ಸೆನಿಕ್ ತಿಂದದ್ದಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಅನ್‌ಲೋಡಿಂಗ್ ಗುತ್ತಿಗೆದಾರನಿಗೆ ಮೊದಲೇ ಹೇಳಿ: ಗಾಳಿ ಸೋಕಿದರೆ ತಾನಾಗಿ ಬಿಸಿಯೇರುವ ಮಾಲು, ಡ್ರಮ್ಮಿಗೆ ನೈಟ್ರೋಜನ್ ಹಾಕಿ ಮುಚ್ಚಬೇಕು, ಪ್ರತಿ ಡ್ರಮ್ಮಿನ ಮೈಮೇಲೆ ರಿಯಾಕ್ಟರ್ ನಂಬರು, ಬೆಡ್ ನಂಬರು ದಪ್ಪಕ್ಷರದಲ್ಲಿರಬೇಕು. ಮೇಲಿನ ಬೆಡ್ಡಿನ ವಿಷ ತಿಂದ ಮಾಲನ್ನೂ ಕೆಳಗಿನ ಒಳ್ಳೆಯದನ್ನೂ ಒಂದೇ ರಾಶಿಗೆ ಸುರಿದರೆ, ಆಮೇಲೆ ಎರಡನ್ನೂ ವಿಷದ ರೇಟಿಗೇ ಮಾರಬೇಕಾಗುತ್ತದೆ.